ದೊಡ್ಡ ಪ್ರೋಗ್ರಾಮಿಗೆ ಎಂಥ ಕಂಪೈಲರ್ ಬೇಕು?



ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್ ಇದ್ದರೆ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. 150 ಸಾಲು, 150 ಕಂಬಗಳಿರುವ ಪೂರ್ಣಾಂಕಗಳ ಕೋಷ್ಟಕವೊಂದನ್ನು ಮೈನ್ ಫಂಕ್ಷನ್ನಿನ ಹೊರಗೆ ಘೋಷಿಸಿ, ಕಂಪೈಲ್ ಮಾಡಿ. ಯಾವ ತಕರಾರೂ ಇಲ್ಲದೆ ಆಗುತ್ತದೆ. ಈಗ ಎರಡೂ ಕಡೆ 150ನ್ನು ಅಳಿಸಿ 200 ಎಂದು ಬರೆಯಿರಿ. ‘ಅರೇ ಸೈಜ್ ಟೂ ಲಾರ್ಜ್’ ಎಂದು ಕಂಪೈಲರ್ ಗದರಿಸುತ್ತದೆ. ಕೋಷ್ಟಕ ತೀರ ದೊಡ್ಡದಾಯಿತಂತೆ!

ನಿಮ್ಮ ಮುಂದಿರುವ ಯಂತ್ರದಲ್ಲಿ 8 ಗಿಗಾಬೈಟ್ ಮೆಮೊರಿ ಇರಬಹುದು. ಕೋಷ್ಟಕದಲ್ಲಿರುವುದು ಕೇವಲ 40,000 ಸಂಖ್ಯೆಗಳು. ಹಾಗಾದರೆ ಕೊರತೆ ಎಲ್ಲಿದೆ? ನಿಮ್ಮ ಬುದ್ಧಿಯಲ್ಲಂತೂ ಅಲ್ಲ. ಸಿ ಭಾಷೆಯಲ್ಲೂ ಅಲ್ಲ. ಕೊರತೆ ಇರುವುದು ಆ ಎರಡರ ನಡುವೆ ಕುಳಿತಿರುವ ಕಂಪೈಲರಿನಲ್ಲಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಿಮಗೆ ಗೊತ್ತು. ಇಲ್ಲಿ ಹಾಸಿಗೆ ಬೇಕಾದಷ್ಟು ಉದ್ದವಾಗಿದೆ. ಅದರ ಒಂದು ಮೂಲೆಯನ್ನು ಮಾತ್ರ ಕಂಪೈಲರ್ ಕಂಡಿದೆ.

ಕಿರುತೆರೆಯ ಮೇಲೆ ಲೆಕ್ಕಗಳು ಬಂದಷ್ಟೇ ಬೇಗ ಮಾಯವಾಗುತ್ತವೆ. ಆದ್ದರಿಂದ ಈ ವಿಷಯವನ್ನು ಕಾಗದದ ಮೇಲೆ ನಿಧಾನವಾಗಿ ನೋಡೋಣ. ಪಕ್ಕದಲ್ಲಿ ಒಂದು ಪೆನ್ಸಿಲ್ ಇರಲಿ.

ವಿಳಾಸ ಬರೆಯುವ ಚೌಕಗಳು

ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವುದು ಕಂಪೈಲರಿನ ಕೆಲಸ ಎಂದು ಪಠ್ಯಪುಸ್ತಕ ಹೇಳುತ್ತದೆ. ಇದು ನಿಜ. ಆದರೆ ಅನುವಾದಿಸುವಾಗ ಅದು ಇನ್ನೊಂದು ನಿರ್ಧಾರವನ್ನೂ ಮಾಡುತ್ತದೆ. ಮೆಮೊರಿಯಲ್ಲಿ ಪ್ರತಿಯೊಂದು ಬೈಟಿಗೂ ಒಂದು ವಿಳಾಸವಿದೆ. ಆ ವಿಳಾಸವನ್ನು ಎಷ್ಟು ಅಂಕಿಗಳಲ್ಲಿ ಬರೆಯಬೇಕು ಎಂಬುದೇ ಆ ನಿರ್ಧಾರ.

ಅಂಚೆ ಕವರಿನ ಮೇಲೆ ಪಿನ್ ಕೋಡಿಗಾಗಿ ಆರು ಚೌಕಗಳಿರುತ್ತವೆ. ಆರು ಚೌಕಗಳಲ್ಲಿ ಏಳು ಅಂಕಿಗಳ ಸಂಖ್ಯೆ ಹಿಡಿಸುವುದಿಲ್ಲ. ಆ ಸಂಖ್ಯೆಯ ಊರು ನಿಜವಾಗಿ ಇದ್ದರೂ ನಿಮ್ಮ ಕಾಗದ ಅಲ್ಲಿಗೆ ತಲುಪಲಾರದು. ಕಂಪ್ಯೂಟರಿನಲ್ಲಿ ಈ ಚೌಕಗಳೇ ಬಿಟ್‌ಗಳು. 16 ಬಿಟ್‌ಗಳಿದ್ದರೆ 65,536 ವಿಳಾಸಗಳನ್ನು ಬರೆಯಬಹುದು. 20 ಬಿಟ್‌ಗಳಿದ್ದರೆ 10,48,576. ಇದನ್ನೇ ಒಂದು ಮೆಗಾಬೈಟ್ ಎನ್ನುತ್ತೇವೆ. 32 ಬಿಟ್‌ಗಳಿದ್ದರೆ 4,29,49,67,296, ಅಂದರೆ 4 ಗಿಗಾಬೈಟ್.

ಈಗ ಮೊದಲಿನ ಪ್ರಯೋಗಕ್ಕೆ ಬನ್ನಿ. ಟರ್ಬೊ ಸಿ ಪ್ಲಸ್ ಪ್ಲಸ್‌ನಲ್ಲಿ ‘ಇಂಟ್’ ಎಂಬ ಪೂರ್ಣಾಂಕಕ್ಕೆ 2 ಬೈಟ್ ಸ್ಥಳ ಬೇಕು. 150ರ ಕೋಷ್ಟಕಕ್ಕೆ 22,500 ಸಂಖ್ಯೆಗಳು, 45,000 ಬೈಟ್‌ಗಳು. ಇದು 65,536ಕ್ಕಿಂತ ಕಡಿಮೆ. 200ರ ಕೋಷ್ಟಕಕ್ಕೆ 80,000 ಬೈಟ್‌ಗಳು. 16 ಚೌಕಗಳಲ್ಲಿ ಈ ವಿಳಾಸಗಳು ಹಿಡಿಸಲಿಲ್ಲ. ಗದರಿಕೆಯ ಗುಟ್ಟು ಇಷ್ಟೇ.

ಒಂದು ಮೆಗಾಬೈಟಿನ ಮನೆ

ಈ 16 ಬಿಟ್‌ಗಳ ಕಟ್ಟು ಎಲ್ಲಿಂದ ಬಂತು? 1978ರಲ್ಲಿ ಇಂಟೆಲ್ ಕಂಪನಿ 8086 ಎಂಬ ಪ್ರೊಸೆಸರನ್ನು ಹೊರತಂದಿತು. ಅದರ ಒಳಗಿನ ಲೆಕ್ಕದ ಪೆಟ್ಟಿಗೆಗಳು, ಅಂದರೆ ರಿಜಿಸ್ಟರುಗಳು, 16 ಬಿಟ್‌ನವು. ಆದರೆ ಹೊರಗಿನ ಮೆಮೊರಿಗೆ ಹೋಗುವ ವಿಳಾಸದ ತಂತಿಗಳು 20. ಹದಿನಾರರಲ್ಲಿ ಇಪ್ಪತ್ತನ್ನು ಹೇಗೆ ಬರೆಯುವುದು? ಎರಡು ಸಂಖ್ಯೆಗಳನ್ನು ಜೋಡಿಸಿ ಬರೆಯುವ ಉಪಾಯ ಹೂಡಿದರು. ಬೆಂಗಳೂರಿನ ಬಡಾವಣೆಗಳಲ್ಲಿ ‘ಇಷ್ಟನೇ ಮೇನ್, ಇಷ್ಟನೇ ಕ್ರಾಸ್’ ಎಂದು ವಿಳಾಸ ಹೇಳುತ್ತೇವಲ್ಲ, ಹಾಗೆ. ಮೊದಲ ಸಂಖ್ಯೆಯ ಹೆಸರು ಸೆಗ್ಮೆಂಟ್, ಎರಡನೆಯದು ಆಫ್‌ಸೆಟ್. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ನಿಜವಾದ ವಿಳಾಸ ಸಿಗುತ್ತದೆ.

ಉದಾಹರಣೆಗೆ ಸೆಗ್ಮೆಂಟ್ 1000, ಆಫ್‌ಸೆಟ್ 500 ಎಂದುಕೊಳ್ಳಿ. 16,000ಕ್ಕೆ 500 ಕೂಡಿಸಿದರೆ 16,500. ಸೆಗ್ಮೆಂಟ್ 1001, ಆಫ್‌ಸೆಟ್ 484 ಎಂದರೂ 16,016ಕ್ಕೆ 484 ಕೂಡಿ ಅದೇ 16,500! ಒಂದೇ ಮನೆಗೆ ಎರಡು ವಿಳಾಸ. ಈ ಎರಡು ವಿಳಾಸಗಳನ್ನು ಹೋಲಿಸಿದರೆ ಇವು ಬೇರೆ ಬೇರೆ ಮನೆಗಳೆಂದೇ ಪ್ರೋಗ್ರಾಮಿಗೆ ತೋರುತ್ತದೆ. ಪತ್ತೆಹಚ್ಚಲು ಕಷ್ಟವಾದ ಎಷ್ಟೋ ದೋಷಗಳು ಇಲ್ಲಿಂದ ಹುಟ್ಟಿದವು.

1981ರಲ್ಲಿ ಬಂದ ಐಬಿಎಂ ಪಿ.ಸಿ.ಯಲ್ಲಿ ಇದೇ ಕುಟುಂಬದ 8088 ಪ್ರೊಸೆಸರ್ ಇತ್ತು. ಒಂದು ಮೆಗಾಬೈಟಿನ ವಿಳಾಸಗಳಲ್ಲಿ ಕೆಳಗಿನ 640 ಕಿಲೋಬೈಟ್‌ಗಳನ್ನು ಪ್ರೋಗ್ರಾಮುಗಳಿಗೆ ಬಿಟ್ಟು, ಮೇಲಿನ 384 ಕಿಲೋಬೈಟ್‌ಗಳನ್ನು ಪರದೆಯ ಚಿತ್ರ, ಯಂತ್ರದ ಆರಂಭಿಕ ಸೂಚನೆಗಳು ಮುಂತಾದವಕ್ಕೆ ಕಾದಿರಿಸಿದರು. ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯೂ ನಿಮ್ಮ ಪ್ರೋಗ್ರಾಮೂ ಆ 640ರೊಳಗೇ ಸಂಸಾರ ಹೂಡಬೇಕಾಯಿತು.

ಆ ಕಾಲದ ಕಂಪೈಲರುಗಳು ಈ ಮನೆಯೊಳಗೆ ಹಲವು ಬಗೆಯ ವಾಸಕ್ರಮಗಳನ್ನು ಕೊಟ್ಟವು. ಇವೇ ಮೆಮೊರಿ ಮಾದರಿಗಳು: ಟೈನಿ, ಸ್ಮಾಲ್, ಮೀಡಿಯಂ, ಕಾಂಪ್ಯಾಕ್ಟ್, ಲಾರ್ಜ್, ಹ್ಯೂಜ್. ಸ್ಮಾಲ್ ಮಾದರಿಯಲ್ಲಿ ಸೂಚನೆಗಳಿಗೆ 64 ಕಿಲೋಬೈಟ್, ದತ್ತಾಂಶಕ್ಕೆ 64 ಕಿಲೋಬೈಟ್. ಮೀಡಿಯಂ ಮಾದರಿಯಲ್ಲಿ ಸೂಚನೆಗಳು ಬೆಳೆಯಬಹುದು. ಕಾಂಪ್ಯಾಕ್ಟ್‌ನಲ್ಲಿ ದತ್ತಾಂಶ ಬೆಳೆಯಬಹುದು. ಲಾರ್ಜ್‌ನಲ್ಲಿ ಎರಡೂ ಬೆಳೆಯಬಹುದು. ಹ್ಯೂಜ್, ಅಂದರೆ ಬೃಹತ್, ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಎಲ್ಲ ಮಾದರಿಗಳೂ ಇರುವುದು 640 ಕಿಲೋಬೈಟಿನ ಒಳಗೇ. ಒಂದೇ ಮನೆಯಲ್ಲಿ ಗೋಡೆಗಳನ್ನು ಅತ್ತಿತ್ತ ಸರಿಸಿದರೆ ನಿವೇಶನ ದೊಡ್ಡದಾಗುವುದಿಲ್ಲ.

ಅಂಗಡಿ ಮತ್ತು ಉಗ್ರಾಣ

ಜನ 640ಕ್ಕೆ ತೃಪ್ತರಾಗಲಿಲ್ಲ. ದೊಡ್ಡ ಲೆಕ್ಕದ ಹಾಳೆಗಳನ್ನು ಬಳಸುತ್ತಿದ್ದ ಕಚೇರಿಗಳಿಗೆ ಅದು ಬೇಗನೆ ಸಾಲದಾಯಿತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ‘ಎಕ್ಸ್‌ಪ್ಯಾಂಡೆಡ್ ಮೆಮೊರಿ’ ಎಂಬ ವ್ಯವಸ್ಥೆಯನ್ನು ರೂಪಿಸಿದವು.

ಇದನ್ನು ಒಂದು ದಿನಸಿ ಅಂಗಡಿಯಂತೆ ಕಲ್ಪಿಸಿಕೊಳ್ಳಿ. ಮುಂದೆ ಚಿಕ್ಕ ಕಟ್ಟೆ, ಹಿಂದೆ ದೊಡ್ಡ ಉಗ್ರಾಣ. ಕಟ್ಟೆಯ ಮೇಲೆ ನಾಲ್ಕು ಮೂಟೆಗಳಿಗಷ್ಟೇ ಜಾಗ. ಬೇಕಾದ ಮೂಟೆಯನ್ನು ಉಗ್ರಾಣದಿಂದ ತರಿಸಿ, ಬೇಡವಾದದ್ದನ್ನು ಒಳಗೆ ಕಳಿಸಬೇಕು. ಎಕ್ಸ್‌ಪ್ಯಾಂಡೆಡ್ ಮೆಮೊರಿಯಲ್ಲಿ ಈ ಕಟ್ಟೆ 64 ಕಿಲೋಬೈಟಿನದು. ಒಂದೊಂದು ಮೂಟೆ 16 ಕಿಲೋಬೈಟಿನದು. ಯಾವ ಮೂಟೆ ಯಾವಾಗ ಎಲ್ಲಿದೆ ಎಂಬ ಲೆಕ್ಕವನ್ನು ಪ್ರೋಗ್ರಾಂ ಬರೆಯುವವನೇ ಇಡಬೇಕು.

‘ಎಕ್ಸ್‌ಟೆಂಡೆಡ್ ಮೆಮೊರಿ’ ಬೇರೆ. ಹೆಸರು ಹತ್ತಿರವಿದ್ದರೂ ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಎಕ್ಸ್‌ಟೆಂಡೆಡ್ ಎಂದರೆ ಮೊದಲ ಮೆಗಾಬೈಟ್ ಮುಗಿದ ಮೇಲೆ ಅದೇ ಸಾಲಿನಲ್ಲಿ ಮುಂದುವರಿಯುವ ಮೆಮೊರಿ. 80286 ಮತ್ತು ಅದರ ನಂತರದ ಪ್ರೊಸೆಸರುಗಳಲ್ಲಿ ಮಾತ್ರ ಇದು ಸಾಧ್ಯ. ಇದನ್ನು ಡಾಸ್ ಪ್ರೋಗ್ರಾಮುಗಳು ಜಗಳವಾಡದೆ ಹಂಚಿಕೊಳ್ಳಲು 1988ರಲ್ಲಿ ‘ಎಕ್ಸ್‌ಎಂಎಸ್’ ಎಂಬ ನಿಯಮಾವಳಿ ಬಂತು. ‘ಹೈಮೆಮ್’ ಎಂಬ ಫೈಲು ಈ ಉಗ್ರಾಣದ ಪಾರುಪತ್ತೇದಾರ. ಆದರೆ ಮಾಮೂಲಿ ಡಾಸ್ ಪ್ರೋಗ್ರಾಂ ಅಲ್ಲಿ ದತ್ತಾಂಶವನ್ನು ಇಟ್ಟು, ಬೇಕಾದಾಗ ಕೆಳಕ್ಕೆ ನಕಲು ಮಾಡಿಕೊಳ್ಳಬಹುದೇ ಹೊರತು, ಉಗ್ರಾಣದಲ್ಲಿ ಕುಳಿತು ವ್ಯಾಪಾರ ಮಾಡುವಂತಿರಲಿಲ್ಲ.

ಅಂಗಡಿಯನ್ನೇ ಉಗ್ರಾಣಕ್ಕೆ ಸಾಗಿಸಿದರೆ? ಅದಕ್ಕೆ ಪ್ರೊಸೆಸರ್ ತನ್ನ ನಡವಳಿಕೆಯನ್ನೇ ಬದಲಾಯಿಸಬೇಕು.

ಚಕ್ರವ್ಯೂಹದ ಒಳಗೆ

1982ರಲ್ಲಿ ಬಂದ 80286ಕ್ಕೆ ಎರಡು ನಡವಳಿಕೆಗಳಿದ್ದವು. ಒಂದು ರಿಯಲ್ ಮೋಡ್: ಹಳೆಯ 8086ರ ಹಾಗೆ ಒಂದು ಮೆಗಾಬೈಟಿನ ಬದುಕು. ಇನ್ನೊಂದು ಪ್ರೊಟೆಕ್ಟೆಡ್ ಮೋಡ್: ಇದರಲ್ಲಿ 24 ಬಿಟ್‌ಗಳ ವಿಳಾಸ, 16 ಮೆಗಾಬೈಟ್ ಮೆಮೊರಿ. ಆದರೆ ಒಂದು ವಿಚಿತ್ರ ಕೊರತೆಯಿತ್ತು. ರಿಯಲ್ ಮೋಡಿನಿಂದ ಪ್ರೊಟೆಕ್ಟೆಡ್ ಮೋಡಿಗೆ ಹೋಗಲು ಸೂಚನೆಯಿತ್ತು. ಹಿಂದಿರುಗಲು ಸೂಚನೆ ಇರಲಿಲ್ಲ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳದಾರಿ ಮಾತ್ರ ಗೊತ್ತಿದ್ದ ಹಾಗೆ! ಡಾಸ್ ಇರುವುದೋ ರಿಯಲ್ ಮೋಡಿನಲ್ಲಿ. ಫೈಲು ತೆರೆಯಬೇಕೆಂದರೂ ಹೊರಗೆ ಬರಲೇಬೇಕು. 1984ರ ಐಬಿಎಂ ಪಿ.ಸಿ. ಎ.ಟಿ.ಯಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸ್ವಾರಸ್ಯಕರ. ಕೀಲಿಮಣೆಯನ್ನು ನೋಡಿಕೊಳ್ಳುವ ಚಿಪ್ಪಿಗೆ ಹೇಳಿ ಪ್ರೊಸೆಸರನ್ನೇ ರೀಸೆಟ್ ಮಾಡಿಸುತ್ತಿದ್ದರು. ಮೂರ್ಛೆ ತಿಳಿದೆದ್ದ ಪ್ರೊಸೆಸರ್ ಮೊದಲೇ ಬರೆದಿಟ್ಟ ಗುರುತನ್ನು ನೋಡಿ, ಬಿಟ್ಟ ಕೆಲಸಕ್ಕೆ ಮರಳುತ್ತಿತ್ತು.

1985ರ 80386 ಈ ಕೊರತೆಯನ್ನು ನೀಗಿಸಿತು. ಅದಕ್ಕೆ ಹೋಗುವ ದಾರಿಯೂ ಗೊತ್ತು, ಬರುವ ದಾರಿಯೂ ಗೊತ್ತು. ರಿಜಿಸ್ಟರುಗಳು 32 ಬಿಟ್‌ನವಾದವು. ಸೆಗ್ಮೆಂಟಿನ ತಂಟೆಯಿಲ್ಲದೆ 4 ಗಿಗಾಬೈಟ್‌ವರೆಗೆ ಒಂದೇ ಸಾಲಿನ ವಿಳಾಸ ಬರೆಯಬಹುದಾಯಿತು. ಮೇನ್ ಇಲ್ಲ, ಕ್ರಾಸ್ ಇಲ್ಲ. ಊರಿಗೆಲ್ಲ ಒಂದೇ ಉದ್ದನೆಯ ಬೀದಿ.

ಈ ಸೌಲಭ್ಯವನ್ನು ಡಾಸ್ ಪ್ರೋಗ್ರಾಮುಗಳಿಗೆ ಒದಗಿಸಿದ್ದು ‘ಡಾಸ್ ಎಕ್ಸ್‌ಟೆಂಡರ್’ ಎಂಬ ಮಧ್ಯವರ್ತಿ. ನಿಮ್ಮ ಪ್ರೋಗ್ರಾಂ ಪ್ರೊಟೆಕ್ಟೆಡ್ ಮೋಡಿನಲ್ಲಿ ವಿಶಾಲವಾಗಿ ಓಡುತ್ತಿರುತ್ತದೆ. ಅದು ಫೈಲು ಕೇಳಿದಾಗ ಎಕ್ಸ್‌ಟೆಂಡರ್ ಕೆಳಗಿಳಿದು ಡಾಸ್‌ನ ಬಾಗಿಲು ತಟ್ಟಿ, ಬಂದದ್ದನ್ನು ಮೊದಲ ಮೆಗಾಬೈಟಿನಲ್ಲಿ ಪಡೆದು, ಮೇಲಕ್ಕೆ ನಕಲು ಮಾಡಿಕೊಡುತ್ತದೆ. ಹಲವು ಎಕ್ಸ್‌ಟೆಂಡರುಗಳು ಒಂದರ ಕಾಲು ಒಂದು ತುಳಿಯದಿರಲಿ ಎಂದು 1990ರಲ್ಲಿ ‘ಡಿಪಿಎಂಐ’ ಎಂಬ ಒಪ್ಪಂದ ಬಂತು. ಅದೇ ವರ್ಷ ಬಿಡುಗಡೆಯಾದ ವಿಂಡೋಸ್ 3.0 ಕೂಡ ಇದಕ್ಕೆ ಎಡೆಮಾಡಿಕೊಟ್ಟಿತು.

ಕಂಪೈಲರುಗಳಲ್ಲಿ ಮೂರು ಗುಂಪು

ಈ ಹಿನ್ನೆಲೆಯಲ್ಲಿ ಡಾಸ್ ಕಾಲದ ಕಂಪೈಲರುಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ರಿಯಲ್ ಮೋಡಿನ ಕಂಪೈಲರುಗಳು. 1987ರ ಟರ್ಬೊ ಸಿ, ಅನಂತರದ ಟರ್ಬೊ ಸಿ ಪ್ಲಸ್ ಪ್ಲಸ್ ಈ ಗುಂಪಿನವು. ಚುರುಕಾಗಿ ಅನುವಾದಿಸುತ್ತವೆ, ಕಲಿಯಲು ಸುಲಭ. ಅವು ಹುಟ್ಟಿಸುವ ಪ್ರೋಗ್ರಾಂ ಮಾತ್ರ 640 ಕಿಲೋಬೈಟಿನ ಮನೆಯಲ್ಲೇ ಇರಬೇಕು.

ಎರಡನೆಯದು 16 ಬಿಟ್ ಪ್ರೊಟೆಕ್ಟೆಡ್ ಮೋಡಿನವು. 1992ರ ಬೋರ್ಲ್ಯಾಂಡ್ ಪಾಸ್ಕಲ್ 7.0 ಇದಕ್ಕೆ ಉದಾಹರಣೆ. 286 ಯಂತ್ರದಲ್ಲೂ ಇದರ ಪ್ರೋಗ್ರಾಮುಗಳು 16 ಮೆಗಾಬೈಟ್‌ವರೆಗೆ ಮೆಮೊರಿ ಪಡೆಯಬಲ್ಲವು. ಒಟ್ಟು ಜಾಗ ಹೆಚ್ಚಾಯಿತು. ಆದರೆ ಒಂದೊಂದು ಸೆಗ್ಮೆಂಟ್ ಇನ್ನೂ 64 ಕಿಲೋಬೈಟಿನದೇ. ಮನೆಯಲ್ಲಿ ಕೋಣೆಗಳು ಹೆಚ್ಚಿದವು, ಕೋಣೆ ದೊಡ್ಡದಾಗಲಿಲ್ಲ.

ಮೂರನೆಯದು 32 ಬಿಟ್ ಪ್ರೊಟೆಕ್ಟೆಡ್ ಮೋಡಿನವು. ಕೆನಡಾ ದೇಶದ ವಾಟರ್‌ಲೂ ನಗರದ ವಾಟ್‌ಕಾಮ್ ಕಂಪನಿಯ ಸಿ ಕಂಪೈಲರ್ ಇವುಗಳಲ್ಲಿ ಹೆಸರಾದದ್ದು. ಅದರ ಜೊತೆಗೆ ‘ಡಾಸ್ ಫೋರ್ ಜಿ ಡಬ್ಲ್ಯು’ ಎಂಬ ಎಕ್ಸ್‌ಟೆಂಡರ್ ಬರುತ್ತಿತ್ತು. 1993ರ ಡಿಸೆಂಬರಿನಲ್ಲಿ ಹೊರಬಂದ ‘ಡೂಮ್’ ಎಂಬ ಪ್ರಸಿದ್ಧ ಆಟದ ಡಾಸ್ ಆವೃತ್ತಿ ತಯಾರಾದದ್ದು ಈ ಕಂಪೈಲರಿನಿಂದ. ಅದಕ್ಕೆ 386 ಪ್ರೊಸೆಸರ್, 4 ಮೆಗಾಬೈಟ್ ಮೆಮೊರಿ ಬೇಕಾಗಿತ್ತು. ರಿಯಲ್ ಮೋಡಿನ ಕಂಪೈಲರಿನಿಂದ ಅಂಥ ಆಟ ಬರುವಂತಿರಲಿಲ್ಲ.

ಇದೇ ಗುಂಪಿನ ‘ಡಿಜೆಜಿಪಿಪಿ’ಯ ಕಥೆ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದದ್ದು. ರಿಚರ್ಡ್ ಸ್ಟಾಲ್‌ಮನ್ ಎಂಬುವರು 1987ರಲ್ಲಿ ಜಿಸಿಸಿ ಎಂಬ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದರು. 1989ರ ಸುಮಾರಿಗೆ ಅಮೆರಿಕದಲ್ಲಿ ಅವರ ಭಾಷಣವೊಂದನ್ನು ಕೇಳಲು ಡಿ.ಜೆ. ಡಿಲೋರಿ ಎಂಬ ತಂತ್ರಜ್ಞ ಹೋಗಿದ್ದರು. ಜಿಸಿಸಿಯನ್ನು ಡಾಸ್‌ಗೆ ತರುವ ಯೋಚನೆ ಇದೆಯೇ ಎಂದು ಡಿಲೋರಿ ಕೇಳಿದರು. ಆಗದು, ಜಿಸಿಸಿ ಬಹಳ ದೊಡ್ಡದು, ಡಾಸ್ 16 ಬಿಟ್‌ನದು ಎಂಬ ಉತ್ತರ ಬಂತು. ಡಿಲೋರಿ ಅದನ್ನೇ ಸವಾಲಾಗಿ ತೆಗೆದುಕೊಂಡು ಕೆಲಸ ಆರಂಭಿಸಿದರು. ಅವರು ಜಿಸಿಸಿಯನ್ನು ಚಿಕ್ಕದು ಮಾಡಲಿಲ್ಲ. 386ರ ಪ್ರೊಟೆಕ್ಟೆಡ್ ಮೋಡಿನಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟರು. ಹೀಗೆ ಹಣ ಕೊಡದೆ ಸಿಗುವ 32 ಬಿಟ್ ಕಂಪೈಲರ್ ಡಾಸ್ ಬಳಸುವವರ ಕೈಸೇರಿತು. 1996ರ ‘ಕ್ವೇಕ್’ ಆಟದ ಡಾಸ್ ಆವೃತ್ತಿ ಇದರಿಂದಲೇ ತಯಾರಾಯಿತು.

ಇಲ್ಲಿ ಒಂದು ಎಚ್ಚರಿಕೆ. ಟರ್ಬೊ ಸಿ ಪ್ಲಸ್ ಪ್ಲಸ್ 3.0 ತಾನು ಓಡಲು ಎಕ್ಸ್‌ಟೆಂಡೆಡ್ ಮೆಮೊರಿಯನ್ನು ಬಳಸುತ್ತದೆ. ಹಾಗೆಂದು ಅದು ತಯಾರಿಸುವ ಪ್ರೋಗ್ರಾಂ ಆ ಮೆಮೊರಿಯಲ್ಲಿ ಓಡುವುದಿಲ್ಲ. ‘ಎಕ್ಸ್‌ಟೆಂಡೆಡ್ ಮೆಮೊರಿಗೆ ಬೆಂಬಲವಿದೆ’ ಎಂದು ಯಾವ ಕಂಪೈಲರಿನ ಪೆಟ್ಟಿಗೆಯ ಮೇಲೆ ಬರೆದಿದ್ದರೂ ಒಂದು ಪ್ರಶ್ನೆ ಕೇಳಿ: ಬೆಂಬಲ ಕಂಪೈಲರಿಗೋ, ನನ್ನ ಪ್ರೋಗ್ರಾಮಿಗೋ? ಅಡುಗೆಯವನು ಹೊಟ್ಟೆ ತುಂಬ ಉಂಡ ಮಾತ್ರಕ್ಕೆ ಪಂಕ್ತಿಯಲ್ಲಿ ಕುಳಿತವರ ಹಸಿವು ಹಿಂಗುವುದಿಲ್ಲ.

ಒಂದು ಚಿತ್ರದ ಲೆಕ್ಕ

ಯಾವ ಕೆಲಸಕ್ಕೆ ಯಾವ ಗುಂಪು ಎಂದು ತಿಳಿಯಲು ದೂರದರ್ಶನದ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದ 625 ಗೆರೆಗಳ ಪದ್ಧತಿಯ ಚಿತ್ರವನ್ನು ಅಂಕೀಯ ರೂಪಕ್ಕೆ ತಂದಾಗ ಅದರಲ್ಲಿ 576 ಸಾಲುಗಳು, ಪ್ರತಿ ಸಾಲಿನಲ್ಲಿ 720 ಚುಕ್ಕಿಗಳು. ಗುಣಿಸಿ ನೋಡಿ: 4,14,720 ಚುಕ್ಕಿಗಳು.

ಕಪ್ಪು ಬಿಳುಪಿನ ಚಿತ್ರವಾದರೆ ಚುಕ್ಕಿಗೊಂದು ಬೈಟ್ ಸಾಕು. 4,14,720 ಬೈಟ್ ಎಂದರೆ 64 ಕಿಲೋಬೈಟಿನ ಏಳು ಸೆಗ್ಮೆಂಟುಗಳು ಬೇಕು. ಮೊದಲನೆಯ ಗುಂಪಿನ ಕಂಪೈಲರಿನಲ್ಲಿ ಹರಸಾಹಸ ಮಾಡಿ ಇದನ್ನು 640ರೊಳಗೆ ತೂರಿಸಬಹುದು. ಎರಡು ಚಿತ್ರಗಳನ್ನು ಹೋಲಿಸಬೇಕೆಂದರೆ 8,29,440 ಬೈಟ್. 640 ಕಿಲೋಬೈಟ್ ಎಂದರೆ 6,55,360 ಬೈಟ್ ಮಾತ್ರ. ಅಲ್ಲಿಗೆ ದಾರಿ ಮುಚ್ಚಿತು. ಬಣ್ಣದ ಚಿತ್ರವಾದರೆ ಚುಕ್ಕಿಗೆ ಮೂರು ಬೈಟ್, ಒಟ್ಟು 12,44,160. ಇದು ಒಂದು ಮೆಗಾಬೈಟನ್ನೇ ಮೀರಿತು. ಸೆಕೆಂಡಿಗೆ 25 ಚಿತ್ರಗಳಂತೆ ಒಂದು ಸೆಕೆಂಡಿನ ದೃಶ್ಯಕ್ಕೆ 3,11,04,000 ಬೈಟ್‌ಗಳು. ಇದು ಎರಡನೆಯ ಗುಂಪಿನ 16 ಮೆಗಾಬೈಟನ್ನೂ ದಾಟಿತು. ಮೂರನೆಯ ಗುಂಪಿನ 4 ಗಿಗಾಬೈಟ್ ವಿಳಾಸಗಳಲ್ಲಿ ಸುಮಾರು 138 ಸೆಕೆಂಡುಗಳ ದೃಶ್ಯ ಹಿಡಿಸೀತು. ಎರಡೂಕಾಲು ನಿಮಿಷ!

ಹಾಗಾದರೆ ಚಿತ್ರವೆಂದ ಕೂಡಲೇ ದೊಡ್ಡ ಕಂಪೈಲರಿಗೆ ಓಡಬೇಕೆ? ಇಲ್ಲ. ಚಿತ್ರವನ್ನು ಸ್ವಲ್ಪ ಬೆಳಗಿಸಬೇಕು ಎನ್ನಿ. ಒಂದು ಸಾಲು ಓದಿ, ಬೆಳಗಿಸಿ, ಬರೆದು, ಮುಂದಿನ ಸಾಲಿಗೆ ಹೋಗಬಹುದು. 720 ಬೈಟ್ ಸಾಕು; ಯಾವ ಕಂಪೈಲರಾದರೂ ನಡೆದೀತು. ಅದೇ ಚಿತ್ರವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಬೇಕು ಎನ್ನಿ. ಹೊಸ ಚಿತ್ರದ ಮೊದಲ ಸಾಲಿಗೆ ಹಳೆಯ ಚಿತ್ರದ ಎಲ್ಲ 576 ಸಾಲುಗಳಿಂದಲೂ ಒಂದೊಂದು ಚುಕ್ಕಿ ಬೇಕು. ಆಗ ಇಡೀ ಚಿತ್ರ ಕೈಯಳತೆಯಲ್ಲಿದ್ದರೆ ಕೆಲಸ ಹಗುರ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ದತ್ತಾಂಶ ಎಷ್ಟಿದೆ ಎಂಬುದಲ್ಲ. ಅದರಲ್ಲಿ ಎಷ್ಟು ಭಾಗ ಏಕಕಾಲಕ್ಕೆ ಮುಂದಿರಬೇಕು ಎಂಬುದು.

ಈ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ನಾನು ಮಾಡಲು ಹೊರಟಿದ್ದು ಇದೇ ಚಿತ್ರ ತಿರುಗಿಸುವ ಪ್ರೋಗ್ರಾಂ. ಪ್ರಯೋಗಾಲಯದ 16 ಬಿಟ್ ಕಂಪೈಲರ್ ಒಪ್ಪಲಿಲ್ಲ. ಮೂರು ವಾರ ಒದ್ದಾಡಿ, ಅಂಚೆಚೀಟಿಯಷ್ಟು ಚಿತ್ರ ಇಟ್ಟುಕೊಂಡು ಪ್ರೋಗ್ರಾಂ ಒಪ್ಪಿಸಿದೆ. ಪ್ರೋಗ್ರಾಮಿಂಗ್ ನನಗೆ ಒಗ್ಗದ ವಿದ್ಯೆ ಎಂದು ಅಂದೇ ತೀರ್ಮಾನಿಸಿಬಿಟ್ಟಿದ್ದೆ. ಬಹಳ ವರ್ಷಗಳ ನಂತರ ಅದೇ ಪ್ರೋಗ್ರಾಮನ್ನು ಒಂದಕ್ಷರವನ್ನೂ ಬದಲಿಸದೆ 32 ಬಿಟ್ ಕಂಪೈಲರಿಗೆ ಕೊಟ್ಟೆ. ಪೂರ್ಣ ಗಾತ್ರದ ಚಿತ್ರ ಮೊದಲ ಸಲಕ್ಕೇ ತಿರುಗಿ ನಿಂತಿತು. ತಪ್ಪು ನನ್ನ ತರ್ಕದಲ್ಲಿ ಇರಲಿಲ್ಲ. ಅದನ್ನು ಹೇಳುವವರು ಅಂದು ಯಾರೂ ಇರಲಿಲ್ಲ, ಅಷ್ಟೆ.

ಆರಿಸುವ ಮುನ್ನ ನೋಡಬೇಕಾದದ್ದು

ಮೊದಲಿಗೆ, ಇಂಟ್ ಮತ್ತು ಪಾಯಿಂಟರ್ ಎರಡರ ಅಳತೆಯನ್ನೂ ‘ಸೈಜ್ಆಫ್’ನಿಂದ ಮುದ್ರಿಸಿ ನೋಡಿ. ಪಾಯಿಂಟರ್ ಎಂದರೆ ವಿಳಾಸವನ್ನು ಹಿಡಿದಿಡುವ ಚಲಕ. ಇಂಟ್ 2 ಬೈಟ್ ಆಗಿದ್ದರೆ ಪಿ.ಸಿ.ಯಲ್ಲಿ ಅದು 16 ಬಿಟ್ ಕಂಪೈಲರ್. ಇಂಟ್ 4, ಪಾಯಿಂಟರ್ 4 ಆಗಿದ್ದರೆ 32 ಬಿಟ್. ಇಂಟ್ 4, ಪಾಯಿಂಟರ್ 8 ಆಗಿದ್ದರೆ 64 ಬಿಟ್. ಪಾಯಿಂಟರ್ ಒಂದನ್ನೇ ನೋಡಿದರೆ ಸಾಲದು. ಟರ್ಬೊ ಸಿ ಕೂಡ ಲಾರ್ಜ್ ಮಾದರಿಯಲ್ಲಿ ಅದನ್ನು 4 ಎಂದೇ ತೋರಿಸುತ್ತದೆ. ಅದು ಸೆಗ್ಮೆಂಟ್ 2, ಆಫ್‌ಸೆಟ್ 2 ಸೇರಿದ 4.

ಎರಡನೆಯದಾಗಿ, ಮೌನವಾಗಿ ಆಗುವ ತಪ್ಪನ್ನು ಗಮನಿಸಿ. 16 ಬಿಟ್ ಕಂಪೈಲರಿನಲ್ಲಿ ‘ಮ್ಯಾಲಕ್’ಗೆ 80,000 ಬೈಟ್ ಕೇಳುವ ಲೆಕ್ಕವನ್ನು ಇಂಟ್ ಚಲಕಗಳಲ್ಲಿ ಮಾಡಿದರೆ, 65,536 ಕಳೆದು ಉಳಿದ 14,464 ಬೈಟ್ ಮಾತ್ರ ಸಿಗುತ್ತದೆ. ಯಾವ ಗದರಿಕೆಯೂ ಇಲ್ಲ. ಉಳಿದ ಸಂಖ್ಯೆಗಳು ಬೇರೆಯವರ ಜಾಗದ ಮೇಲೆ ಹೋಗಿ ಕುಳಿತು ಉತ್ತರಗಳನ್ನು ಕೆಡಿಸುತ್ತವೆ. ನಿರಾಕರಿಸುವ ಕಂಪೈಲರಿಗಿಂತ ಇದು ಅಪಾಯಕರ.

ಮೂರನೆಯದಾಗಿ, ರಕ್ಷಣೆ. ಪ್ರೊಟೆಕ್ಟೆಡ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಪ್ರೋಗ್ರಾಂ ತನ್ನದಲ್ಲದ ವಿಳಾಸಕ್ಕೆ ಕೈಯಿಟ್ಟರೆ ಪ್ರೊಸೆಸರೇ ತಡೆದು ನಿಲ್ಲಿಸಬಲ್ಲದು. ರಿಯಲ್ ಮೋಡಿನಲ್ಲಿ ಅಂಥ ಕಾವಲಿಲ್ಲ. ಯಂತ್ರ ಸ್ತಬ್ಧವಾದ ಮೇಲೆಯೇ ತಿಳಿಯುವುದು.

ನಾಲ್ಕನೆಯದಾಗಿ, ಲೈಬ್ರರಿಗಳು. ಟರ್ಬೊ ಸಿಯ ಗ್ರಾಫಿಕ್ಸ್ ಫಂಕ್ಷನ್ನುಗಳು ಬೇರೆ ಕಂಪೈಲರಿನಲ್ಲಿ ಇದ್ದ ಹಾಗೇ ಸಿಗುವುದಿಲ್ಲ. ಪರದೆಯ ಮೆಮೊರಿಗೆ ಫಾರ್ ಪಾಯಿಂಟರಿನಿಂದ ನೇರವಾಗಿ ಬರೆಯುವ ಚಾಲಾಕಿ 32 ಬಿಟ್ ಪ್ರೊಟೆಕ್ಟೆಡ್ ಮೋಡಿನಲ್ಲಿ ಹಾಗೇ ನಡೆಯುವುದಿಲ್ಲ. ನಿಮ್ಮ ಪ್ರೋಗ್ರಾಂ ಇಂಥವನ್ನು ಎಷ್ಟು ನೆಚ್ಚಿದೆ ಎಂದು ಮೊದಲೇ ಪಟ್ಟಿ ಮಾಡಿಕೊಳ್ಳಿ.

ಐದನೆಯದಾಗಿ, ವೇಗ. ಡಾಸ್ ಎಕ್ಸ್‌ಟೆಂಡರ್ ಪ್ರತಿ ಸಲ ಡಾಸ್‌ನ ಬಾಗಿಲಿಗೆ ಹೋಗಿಬರಲು ಸಮಯ ತಗಲುತ್ತದೆ. ಫೈಲನ್ನು ಒಂದೊಂದೇ ಬೈಟಿನಂತೆ ಕೇಳುವ ಬದಲು ದೊಡ್ಡ ದೊಡ್ಡ ತುಂಡುಗಳಾಗಿ ಓದಿಕೊಳ್ಳಿ. ಸಂತೆಗೆ ಹೋದವರು ಉಪ್ಪಿಗೊಂದು ಸಲ, ಮೆಣಸಿಗೊಂದು ಸಲ ಹೋಗುತ್ತಾರೆಯೇ?

ಇಂದಿಗೂ ಇದೇ ಪಾಠ

ಡಾಸ್ ಹಿಂದೆ ಸರಿದು ಬಹಳ ಕಾಲವಾಯಿತು, ಇದೆಲ್ಲ ಈಗೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ.

64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಮುಗಳು ನೇರವಾಗಿ ಓಡುವುದಿಲ್ಲ. ಆದ್ದರಿಂದ ಟರ್ಬೊ ಸಿ ಪ್ಲಸ್ ಪ್ಲಸ್ಸನ್ನು ಈಗ ‘ಡಾಸ್‌ಬಾಕ್ಸ್’ ಎಂಬ ಅನುಕರಣೆಯ ಒಳಗೆ ಇಟ್ಟು ಓಡಿಸುತ್ತಾರೆ. ಹೊಸ ಯಂತ್ರದೊಳಗೆ ಹಳೆಯ ಯಂತ್ರದ ವೇಷ! ಹೊರಗೆ ಗಿಗಾಬೈಟ್‌ಗಳಿದ್ದರೂ ಒಳಗೆ ಅದೇ 640ರ ಮನೆ. ಅಲ್ಲಿ ಕಲಿತವರು ‘ಸಿ ಭಾಷೆಯಲ್ಲಿ ಇಂಟ್ ಎಂದರೆ 2 ಬೈಟ್’ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಸಿ ಭಾಷೆ ಹಾಗೆ ಹೇಳಿಲ್ಲ. ಆ ಕಂಪೈಲರ್ ಹೇಳಿದೆ. ಇಂದಿನ ಜಿಸಿಸಿ ಅಥವಾ ಕ್ಲ್ಯಾಂಗ್‌ನಲ್ಲಿ ಅದೇ 200ರ ಕೋಷ್ಟಕ ಕಣ್ಣುಮುಚ್ಚಿ ತೆರೆಯುವುದರೊಳಗೆ ಸಿದ್ಧ.

ಎರಡನೆಯ ಕಾರಣ, ಹಳೆಯ ಗೋಡೆಯ ಜಾಗದಲ್ಲಿ ಹೊಸ ಗೋಡೆ ಎದ್ದಿದೆ. 32 ಬಿಟ್‌ನ 4 ಗಿಗಾಬೈಟ್ ಕೂಡ ಸಾಲದಾಗಿ, 2003ರಲ್ಲಿ ಎಎಂಡಿ ಕಂಪನಿ ಇದೇ ವಂಶದ 64 ಬಿಟ್ ಪ್ರೊಸೆಸರುಗಳನ್ನು ಹೊರತಂದಿತು. ಯಂತ್ರ 64 ಬಿಟ್‌ನದಾದರೂ ಕಂಪೈಲರಿಗೆ 32 ಬಿಟ್ ಗುರಿ ಕೊಟ್ಟಿದ್ದರೆ ನಿಮ್ಮ ಪ್ರೋಗ್ರಾಂ 4 ಗಿಗಾಬೈಟ್ ದಾಟದು. 50,000 ಸಾಲು, 50,000 ಕಂಬಗಳ ದಶಮಾಂಶ ಸಂಖ್ಯೆಗಳ ಕೋಷ್ಟಕ ಬೇಕೆನ್ನಿ. ಸಂಖ್ಯೆಗೆ 8 ಬೈಟಿನಂತೆ 2,000 ಕೋಟಿ ಬೈಟ್‌ಗಳು. 64 ಬಿಟ್ ಗುರಿಯೂ ಅಷ್ಟು ಮೆಮೊರಿಯೂ ಇದ್ದರೆ ಇದು ಸಾಧ್ಯ. ಆದರೂ ಒಂದು ಹೊಂಡ ಉಳಿದಿದೆ. ಕೋಷ್ಟಕದ ಕ್ರಮಸಂಖ್ಯೆ 250 ಕೋಟಿಯವರೆಗೆ ಹೋಗುತ್ತದೆ. 4 ಬೈಟಿನ ಇಂಟ್ ಎಣಿಸಬಲ್ಲದ್ದು 2,14,74,83,647ರವರೆಗೆ. 64 ಬಿಟ್ ಕಂಪೈಲರಿನಲ್ಲೂ ಇಂಟ್ ಸಾಮಾನ್ಯವಾಗಿ 4 ಬೈಟ್‌ನದೇ. ‘ಲಾಂಗ್’ ಬಳಸೋಣವೆಂದರೆ ಅದು 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, ವಿಂಡೋಸಿನಲ್ಲಿ 4 ಬೈಟ್. ಅಂಥಲ್ಲಿ ‘ಸೈಜ್ ಟಿ’ ಎಂಬ ಮಾದರಿಯನ್ನು ಬಳಸುವುದು ಕ್ಷೇಮ.

ಈಗ ಪೆನ್ಸಿಲ್ ಕೈಗೆತ್ತಿಕೊಳ್ಳಿ. ನೀವು ಮಾಡಬೇಕೆಂದಿರುವ ಪ್ರಾಜೆಕ್ಟಿನ ಅತಿ ದೊಡ್ಡ ಕೋಷ್ಟಕ ಎಷ್ಟು ಬೈಟಿನದು? ಅದರಲ್ಲಿ ಏಕಕಾಲಕ್ಕೆ ಬೇಕಾದದ್ದು ಎಷ್ಟು? ನಿಮ್ಮ ಕಂಪೈಲರ್ ಬರೆಯಬಲ್ಲ ವಿಳಾಸ ಎಷ್ಟು ಬಿಟ್‌ಗಳದ್ದು? ಮೂರು ಉತ್ತರಗಳನ್ನೂ ಒಂದೇ ಹಾಳೆಯ ಮೇಲೆ ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ, ಅನಂತರ ಕಂಪೈಲರನ್ನು ಆರಿಸಿ. ಪ್ರೋಗ್ರಾಂ ನಿಂತುಹೋದಾಗ ನಿಮ್ಮನ್ನು ನೀವು ಹಳಿದುಕೊಳ್ಳುವ ಮೊದಲು ಆ ಹಾಳೆಯನ್ನು ಇನ್ನೊಮ್ಮೆ ನೋಡಿ. ತರ್ಕ ತಪ್ಪಿದ್ದರೆ ತಿದ್ದಿಕೊಳ್ಳಿ. ತರ್ಕ ಸರಿಯಿದ್ದು ಚೌಕಗಳು ಸಾಲದಾಗಿದ್ದರೆ ಕಂಪೈಲರನ್ನು ಬದಲಿಸಿ. ನಿಮ್ಮ ಚಿತ್ರವನ್ನು ಅಂಚೆಚೀಟಿಯಷ್ಟಕ್ಕೆ ಕುಗ್ಗಿಸಬೇಡಿ.